ಎರಡು ರೇಟು ನೋಡಿ ಕೊಳ್ಳಿ: ಇಟಿಎಫ್ ಜೊತೆ ನನ್ನ ಅನುಭವ

ನಮ್ಮದು ಅರಸೀಕೆರೆ ಕಡೆಯ ತೆಂಗಿನ ಮನೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿ ಒಣಗಿ ಕೊಬ್ಬರಿಯಾಗುವುದನ್ನು ನೋಡುತ್ತಾ ಬೆಳೆದವನು ನಾನು. ಕೊಬ್ಬರಿ ಮಾರುವ ಕಾಲ ಬಂದರೆ ಅಪ್ಪ ಮೊದಲು ತಿಪಟೂರಿಗೆ ಫೋನ್ ಮಾಡುತ್ತಾರೆ. ಮಂಡಿಯಲ್ಲಿ ಇವತ್ತಿನ ರೇಟ್ ಎಷ್ಟು ಅಂತ ಗೊತ್ತಾದ ಮೇಲೆಯೇ ಮನೆ ಬಾಗಿಲಿಗೆ ಬಂದ ವ್ಯಾಪಾರಿಯ ಜೊತೆ ಮಾತು. ಇಷ್ಟು ವರ್ಷ ಇದನ್ನು ಕಣ್ಣಾರೆ ನೋಡಿದ ನಾನು, 2025ರ ದೀಪಾವಳಿಗೆ ಒಂದು ವಾರ ಇರುವಾಗ ರೇಟ್ ವಿಚಾರಿಸದೆ ಮೊಬೈಲಲ್ಲಿ ಬೆಳ್ಳಿ ಕೊಂಡೆ. ಆ ಕಥೆಗೆ ಆಮೇಲೆ ಬರುತ್ತೇನೆ.

ನಾನು ಕಾಲೇಜಿನಲ್ಲಿ ಪಾಠ ಮಾಡುವವನು, ಹಣಕಾಸಿನ ಪಂಡಿತನಲ್ಲ. 2020ಕ್ಕಿಂತ ಮುಂಚೆ ನನ್ನ ಉಳಿತಾಯ ಅಂದರೆ ಒಂದು ಚೀಟಿ, ಒಂದೆರಡು ಎಫ್‌ಡಿ, ಹೆಂಡತಿಯ ಒಡವೆ. ಸ್ಟಾಫ್ ರೂಮಿನಲ್ಲಿ ಒಬ್ಬರು ಮೇಷ್ಟ್ರು ಆಗಾಗ "ನಿಫ್ಟಿ ಬೀಸ್ ತಗೊಳ್ರೀ" ಅನ್ನುತ್ತಿದ್ದರು. ಬೀಸ್ ಅಂದರೆ ಜೇನುನೊಣಕ್ಕೆ ಸಂಬಂಧಪಟ್ಟ ಏನೋ ಇರಬೇಕು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಬೆಂಚ್‌ಮಾರ್ಕ್ ಅನ್ನೋ ಫಂಡ್ ಕಂಪನಿ ಶುರು ಮಾಡಿದ ಯೋಜನೆಯ ಚಿಕ್ಕ ಹೆಸರು. 2001ರ ಡಿಸೆಂಬರ್‌ನಲ್ಲಿ ಬಂದ ನಮ್ಮ ದೇಶದ ಮೊದಲ ಇಟಿಎಫ್ ಅದೇ. ಕಂಪನಿ ಕೈ ಬದಲಾಗುತ್ತಾ ಹೋಗಿ ಈಗ ನಿಪ್ಪಾನ್ ಇಂಡಿಯಾ ಹತ್ತಿರ ಇದೆ. ಬೀಸ್ ಅನ್ನೋ ಹೆಸರು ಮಾತ್ರ ಹಾಗೇ ಉಳಿದಿದೆ.

ಇಟಿಎಫ್ ಅಂದರೆ ಎಕ್ಸ್‌ಚೇಂಜ್ ಟ್ರೇಡೆಡ್ ಫಂಡ್. ಇದೂ ಮ್ಯೂಚುವಲ್ ಫಂಡೇ, ಆದರೆ ಷೇರಿನ ಹಾಗೆ ಮಾರ್ಕೆಟ್ಟಲ್ಲಿ ಕೊಂಡು ಮಾರಬಹುದು. ನಿಫ್ಟಿ ಬೀಸ್ ಉದಾಹರಣೆ ತಗೊಳ್ಳಿ. ನಿಫ್ಟಿ ಪಟ್ಟಿಯಲ್ಲಿ 50 ದೊಡ್ಡ ಕಂಪನಿಗಳಿವೆ. ಆ ಷೇರುಗಳು ಒಟ್ಟಾರೆ ಏರಿದವೋ ಇಳಿದವೋ ಅಂತ ತೋರಿಸುವ ಸೂಚ್ಯಂಕಕ್ಕೂ ಅದೇ ಹೆಸರು. ಅವುಗಳ ಷೇರನ್ನು ಪಟ್ಟಿಯಲ್ಲಿರುವ ಲೆಕ್ಕದಲ್ಲೇ ಫಂಡ್ ಕೊಂಡಿಟ್ಟಿರುತ್ತದೆ. ಅದರ ಒಂದು ಯೂನಿಟ್ ಹೆಚ್ಚು ಕಡಿಮೆ ನಿಫ್ಟಿಯ ನೂರನೇ ಒಂದು ಭಾಗ. ನಿಫ್ಟಿ 25,000 ಇದ್ದರೆ ಯೂನಿಟ್ಟಿಗೆ 250 ರೂಪಾಯಿಗಿಂತ ಒಂದಿಷ್ಟು ಜಾಸ್ತಿ. ಕಂಪನಿಗಳು ಕೊಡುವ ಡಿವಿಡೆಂಡ್ ಒಳಗೇ ಸೇರಿಕೊಳ್ಳುತ್ತದಲ್ಲ, ಅದಕ್ಕೇ ಆ ಜಾಸ್ತಿ. ಒಂದೇ ಒಂದು ಯೂನಿಟ್ ಕೂಡ ಕೊಳ್ಳಬಹುದು. ಆ ದುಡ್ಡಲ್ಲಿ 50 ಕಂಪನಿಯ ಚೂರುಪಾರು ನಿಮ್ಮದಾಗುತ್ತದೆ.

ಯಾವ ಷೇರು ಚೆನ್ನಾಗಿದೆ ಅಂತ ಹುಡುಕಿ ಆರಿಸುವ ಮ್ಯಾನೇಜರ್ ಇಲ್ಲಿಲ್ಲ. ಹಾಗಾಗಿ ಖರ್ಚೂ ಕಮ್ಮಿ. ದೊಡ್ಡ ನಿಫ್ಟಿ ಇಟಿಎಫ್‌ಗಳು ಲಕ್ಷ ರೂಪಾಯಿಗೆ ವರ್ಷಕ್ಕೆ ಸುಮಾರು 50 ರೂಪಾಯಿ ಹಿಡಿದುಕೊಳ್ಳುತ್ತವೆ. ಏಜೆಂಟ್ ಮೂಲಕ ಕೊಂಡ ಮಾಮೂಲಿ ಈಕ್ವಿಟಿ ಫಂಡಲ್ಲಿ ಇದು ಸಾವಿರದ ಲೆಕ್ಕ.

ಪಟ್ಟಿ ಬದಲಾದರೂ ನಮಗೆ ಕೆಲಸವಿಲ್ಲ. 2024ರ ಸೆಪ್ಟೆಂಬರ್ 30ಕ್ಕೆ ನಮ್ಮ ಬೆಂಗಳೂರಿನ ಬಿಇಎಲ್ ನಿಫ್ಟಿಗೆ ಬಂತು, ಜೊತೆಗೆ ಟ್ರೆಂಟ್ ಕೂಡ. ಡಿವಿಸ್ ಲ್ಯಾಬ್ಸ್ ಮತ್ತು ಎಲ್‌ಟಿಐ ಮೈಂಡ್‌ಟ್ರೀ ಹೊರಗೆ ಹೋದವು. ನಾನು ಅವತ್ತು ಕಿರುಪರೀಕ್ಷೆಯ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಬಿಇಎಲ್ ತಾನಾಗಿಯೇ ನನ್ನ ಖಾತೆಯೊಳಗೆ ಬಂದು ಕೂತಿತ್ತು.

ಷೇರು, ಇಟಿಎಫ್ ಯೂನಿಟ್ ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆ ತೆರೆಯುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ಒಂದು ಸೆಲ್ಫಿ ಇದ್ದರೆ ಎರಡು ಮೂರು ದಿನದಲ್ಲಿ ಆಗುತ್ತದೆ. ನಾಮಿನಿ ಹೆಸರು ಮಾತ್ರ ಮರೆಯದೆ ಹಾಕಿ.

2020ರ ಫೆಬ್ರವರಿಯಲ್ಲಿ ನಾನು ಐದು ಯೂನಿಟ್ ನಿಫ್ಟಿ ಬೀಸ್ ಕೊಂಡೆ. ನಿಫ್ಟಿ ಆಗ 12,000ದ ಆಸುಪಾಸು. ತಿಂಗಳು ಕಳೆಯುವುದರೊಳಗೆ ಕೊರೊನಾ. ಮಾರ್ಚ್ 23ರಂದು ಒಂದೇ ದಿನ ಮಾರ್ಕೆಟ್ ಶೇಕಡಾ 13ರಷ್ಟು ಬಿದ್ದು ನಿಫ್ಟಿ 7,610ಕ್ಕೆ ಬಂತು. ಮಾರಿಬಿಡೋಣ ಅಂತ ಕೈ ತುರಿಸಿತು. ಆದರೆ ಮಾರಬೇಕು ಅಂದರೆ ಒಂದು ಫಾರಂಗೆ ಸಹಿ ಹಾಕಿ ಬ್ರೋಕರ್‌ಗೆ ಕಳಿಸಬೇಕಿತ್ತು, ಲಾಕ್‌ಡೌನಲ್ಲಿ ಕೊರಿಯರ್ ಎಲ್ಲಿಂದ ಬರಬೇಕು? ಹಾಗೆ ನನ್ನ ಯೂನಿಟ್‌ಗಳು ಉಳಿದುಕೊಂಡವು. ಈಗ ಕೆಲವರು "ನೀವು ಧೈರ್ಯವಾಗಿ ಹಿಡಿದುಕೊಂಡಿರಿ" ಅನ್ನುತ್ತಾರೆ. ಧೈರ್ಯ ಎಲ್ಲಿ ಬಂತು, ಕೊರಿಯರ್ ಇರಲಿಲ್ಲ ಅಷ್ಟೆ. ಆದರೆ ಕೊಳ್ಳುವುದಕ್ಕೆ ಫಾರಂ ಬೇಕಿರಲಿಲ್ಲವಲ್ಲ. ಏಪ್ರಿಲ್‌ನಿಂದ ತಿಂಗಳಿಗೆ ಹತ್ತು ಹದಿನೈದು ಯೂನಿಟ್ ಕೊಳ್ಳುವ ಅಭ್ಯಾಸ ಶುರುವಾಯಿತು.

ನನಗೆ ಮೊದಲ ಪೆಟ್ಟು ಬಿದ್ದದ್ದು 2021ರಲ್ಲಿ. ನಿಫ್ಟಿಯಲ್ಲಿ ಒಂದು ವರ್ಷ ಪಳಗಿದ ಮೇಲೆ ಸ್ವಲ್ಪ ಹುಮ್ಮಸ್ಸು ಬಂದಿತ್ತು. ಮಧ್ಯಮ ಗಾತ್ರದ ಕಂಪನಿಗಳ ಒಂದು ಇಟಿಎಫ್ ಕಣ್ಣಿಗೆ ಬಿತ್ತು. ಅದರಲ್ಲಿ ವ್ಯವಹಾರ ತೀರಾ ಕಮ್ಮಿ. ನನಗೆ ಅದು ಲೆಕ್ಕಕ್ಕೇ ಬರಲಿಲ್ಲ. ಬೆಳಗ್ಗೆ 9:15ಕ್ಕೆ ಮಾರ್ಕೆಟ್ ತೆರೆದ ಕೂಡಲೇ 50 ಯೂನಿಟ್‌ಗೆ ಮಾರ್ಕೆಟ್ ಆರ್ಡರ್ ಒತ್ತಿದೆ. ಅಂದರೆ, "ಎಷ್ಟಾದರೂ ಆಗಲಿ, ಈಗಲೇ ಕೊಡಿ" ಅಂತ.

ಆ್ಯಪಲ್ಲಿ ಕೊಳ್ಳುವವರ ಸಾಲು, ಮಾರುವವರ ಸಾಲು ಅಂತ ಎರಡು ಕಾಣಿಸುತ್ತದೆ. ಅವತ್ತು ಮಾರುವವರ ಸಾಲಲ್ಲಿ ಮೊದಲನೆಯವನ ಹತ್ತಿರ 100.90ಕ್ಕೆ 12 ಯೂನಿಟ್ ಇತ್ತು. ಅದರ ಹಿಂದೆ 103ಕ್ಕೆ 30. ಅದರ ಹಿಂದಿನವನು 106.50 ಕೇಳುತ್ತಿದ್ದ. ನನ್ನ ಆರ್ಡರ್ ಮೂವರ ಹತ್ತಿರವೂ ಹೋಗಿ ಬಾಚಿಕೊಂಡು ಬಂತು: 12, 30, ಕೊನೆಗೆ 8. ಒಟ್ಟು 5,152 ರೂಪಾಯಿ 80 ಪೈಸೆ. ಒಳಗಿದ್ದ ಷೇರುಗಳ ನಿಜವಾದ ಬೆಲೆಯ ಲೆಕ್ಕದಲ್ಲಿ ಒಂದು ಯೂನಿಟ್‌ಗೆ 100.40, ಅಂದರೆ 50ಕ್ಕೆ 5,020. ಒಂದು ಗುಂಡಿ ಒತ್ತಿದ್ದಕ್ಕೆ 133 ರೂಪಾಯಿ ದಂಡ. ಮೊತ್ತ ಸಣ್ಣದು, ನಿಜ. ಆದರೆ ಲಕ್ಷ ರೂಪಾಯಿಗೆ 50 ರೂಪಾಯಿ ಉಳಿಸೋಕೆ ಇಟಿಎಫ್‌ಗೆ ಬಂದವನು ನಾನು, ಐದು ಸಾವಿರಕ್ಕೆ 133 ಕಳೆದುಕೊಂಡೆ.

ಆ 100.40 ಅನ್ನೋ ಲೆಕ್ಕಕ್ಕೆ ಐಎನ್‌ಎವಿ ಅಂತ ಹೆಸರು. ಇಟಿಎಫ್ ಒಳಗಿರುವ ಸರಕಿನ ಈ ಕ್ಷಣದ ಬೆಲೆ ಅದು. ಫಂಡ್ ಕಂಪನಿಯ ವೆಬ್‌ಸೈಟಲ್ಲಿ ಮಾರ್ಕೆಟ್ ನಡೆಯುವಷ್ಟು ಹೊತ್ತೂ ಬದಲಾಗುತ್ತಾ ಇರುತ್ತದೆ. ನಾವು ಕೊಡುವ ದುಡ್ಡು ಬೇರೆ. ಅದು ಎದುರಿಗೆ ಮಾರುವವನು ಎಷ್ಟಕ್ಕೆ ಒಪ್ಪುತ್ತಾನೋ ಅದರ ಮೇಲೆ. ಇದೇ ತರಹ ಪಟ್ಟಿಯನ್ನು ಹಿಂಬಾಲಿಸುವ, ಆದರೆ ಮಾರ್ಕೆಟ್ಟಲ್ಲಿ ಕೊಂಡು ಮಾರದ ಇಂಡೆಕ್ಸ್ ಫಂಡಲ್ಲಿ ಈ ತಾಪತ್ರಯ ಇಲ್ಲ. ಅಲ್ಲಿ ನೇರ ಫಂಡ್ ಕಂಪನಿಗೇ ದುಡ್ಡು ಕೊಟ್ಟು, ದಿನದ ಕೊನೆಯ ಬೆಲೆಗೆ ಯೂನಿಟ್ ತಗೊಳ್ಳುತ್ತೇವೆ. ಹಾಗಾಗಿ ತಿಂಗಳಿಗೆ ಎರಡು ಸಾವಿರ ಎಸ್‌ಐಪಿ ಕಟ್ಟಿ ಮರೆತುಬಿಡಬೇಕು ಅನ್ನುವವರಿಗೆ ನಾನು ಇಂಡೆಕ್ಸ್ ಫಂಡನ್ನೇ ಹೇಳುತ್ತೇನೆ. ಇಟಿಎಫ್ ಸ್ವಲ್ಪ ಕಣ್ಣಿಟ್ಟು ಕೊಳ್ಳುವವರಿಗೆ.

ಅಪ್ಪನಿಗೆ ಇದನ್ನು ವಿವರಿಸಬೇಕಾಗಲಿಲ್ಲ. "ಐಎನ್‌ಎವಿ ಅಂದ್ರೆ ತಿಪಟೂರು ರೇಟು. ನೀನು ಕೊಟ್ಟಿದ್ದು ಬಾಗಿಲ ಮುಂದಿನ ರೇಟು. ಅಲ್ವಾ?" ಅಂದರು. ನಾಲ್ಕು ವಿಡಿಯೋ ನೋಡಿ ನಾನು ಅರ್ಥ ಮಾಡಿಕೊಂಡದ್ದು ಅದೇ.

ಸಾಮಾನ್ಯವಾಗಿ ಈ ಎರಡು ರೇಟು ದೂರ ಹೋಗದ ಹಾಗೆ ನೋಡಿಕೊಳ್ಳಲು ಮಾರ್ಕೆಟ್ ಮೇಕರ್ ಅಂತ ಇರುತ್ತಾರೆ. ಮಾರ್ಕೆಟ್ಟಲ್ಲಿ ಯೂನಿಟ್ ದುಬಾರಿಯಾದರೆ ಅವರು ಫಂಡ್ ಕಂಪನಿಗೆ ಸರಕನ್ನೋ ದುಡ್ಡನ್ನೋ ಕೊಟ್ಟು ದೊಡ್ಡ ಗಂಟಾಗಿ ಹೊಸ ಯೂನಿಟ್ ತಂದು ಮಾರುತ್ತಾರೆ. ಬೆಲೆ ತಗ್ಗುತ್ತದೆ. ಅಗ್ಗವಾದರೆ ಉಲ್ಟಾ. ಇದು ನಡೆಯುವುದು ಸರಕು ಸಿಗುವವರೆಗೆ ಮಾತ್ರ. ಸರಕೇ ಇಲ್ಲದಿದ್ದರೆ?

2025ರ ಅಕ್ಟೋಬರ್‌ನಲ್ಲಿ ಬೆಳ್ಳಿಗೆ ಆದದ್ದು ಅದೇ. ಬೆಲೆ ದಿನಾ ಏರುತ್ತಿತ್ತು. ವಾಟ್ಸಾಪ್ ತುಂಬಾ ಬೆಳ್ಳಿಯದೇ ಮಾತು. ನಾನೂ 25,000 ರೂಪಾಯಿಗೆ ಬೆಳ್ಳಿ ಇಟಿಎಫ್ ಕೊಂಡೆ. ಈ ಸಲ "ಇಷ್ಟಕ್ಕಿಂತ ಜಾಸ್ತಿ ಕೊಡಲ್ಲ" ಅನ್ನೋ ಲಿಮಿಟ್ ಆರ್ಡರ್ ಹಾಕಿದ್ದೆ, ವ್ಯವಹಾರ ಚೆನ್ನಾಗಿ ನಡೆಯುವ ಇಟಿಎಫ್ ಆರಿಸಿದ್ದೆ. ಕಲಿತದ್ದೆಲ್ಲ ಮಾಡಿದ್ದೇನೆ ಅನ್ನೋ ಹೆಮ್ಮೆ. ಐಎನ್‌ಎವಿ ಮಾತ್ರ ನೋಡಲಿಲ್ಲ. ಆ ವಾರ ದೇಶದಲ್ಲಿ ಗಟ್ಟಿ ಬೆಳ್ಳಿಗೇ ಅಭಾವ. ಹೊಸ ಯೂನಿಟ್ ಮಾಡಲು ಬೆಳ್ಳಿ ಸಿಗದೆ, ಇದ್ದ ಯೂನಿಟ್‌ಗಳಿಗೇ ಜನ ಮುಗಿಬಿದ್ದಿದ್ದರು. ಕೆಲವು ಫಂಡ್ ಕಂಪನಿಗಳು ತಮ್ಮ ಬೆಳ್ಳಿ ಫಂಡಿಗೆ ಜನ ಒಂದೇ ಸಲಕ್ಕೆ ಹಾಕುವ ಹಣ ತಗೊಳ್ಳುವುದನ್ನೇ ನಿಲ್ಲಿಸಿದ್ದವು. ಸಂಜೆ ಸುದ್ದಿ ಓದಿ ಲೆಕ್ಕ ಹಾಕಿದೆ. ನೂರು ರೂಪಾಯಿ ಬೆಳ್ಳಿಗೆ ಸುಮಾರು ನೂರ ಹತ್ತು ಕೊಟ್ಟಿದ್ದೆ.

ಊರಿಗೆ ಹಬ್ಬಕ್ಕೆ ಹೋದಾಗ ಅಪ್ಪನಿಗೆ ಹೇಳಿದೆ. "ಅಲ್ಲ ಕಣೋ, ಮಂಡಿ ರೇಟ್ ಕೇಳ್ದೆ ಯಾವತ್ತಾದ್ರೂ ಕೊಬ್ಬರಿ ತೂಗಿದೀವಾ ನಾವು?" ಅಂದರು. ನಾನು ಒಬ್ಬಟ್ಟು ತಿನ್ನುತ್ತಾ ಸುಮ್ನೆ ಕೂತೆ.

ಅಕ್ಟೋಬರ್ ಮುಗಿಯುವುದರೊಳಗೆ ಬೆಳ್ಳಿಯೂ ಇಳಿಯಿತು, ಮೇಲೆ ಕೊಟ್ಟಿದ್ದ ಹತ್ತು ರೂಪಾಯಿಯೂ ಕರಗಿತು. ಎರಡೂ ಕಡೆಯಿಂದ ಏಟು. ಡಿಸೆಂಬರ್‌ನಲ್ಲಿ ಬೆಳ್ಳಿ ಮತ್ತೆ ಏರಿ ಕೆಜಿಗೆ 2 ಲಕ್ಷ ದಾಟಿತು, ನನ್ನ ಖಾತೆ ಹಸಿರಾಯಿತು. "ನೋಡಿ, ಲಾಭ ಬಂತಲ್ಲ" ಅಂದರು ಸ್ಟಾಫ್ ರೂಮಿನವರು. ಬಂತು. ಆದರೆ ಐಎನ್‌ಎವಿ ನೋಡಿ ಎರಡು ವಾರ ತಡೆದಿದ್ದರೆ ಅದೇ 25,000ಕ್ಕೆ ಇನ್ನೂ ಜಾಸ್ತಿ ಬೆಳ್ಳಿ ಸಿಗುತ್ತಿತ್ತು.

ಹೊರದೇಶದ ಷೇರುಗಳ ಇಟಿಎಫ್‌ಗಳಲ್ಲಿ ಈ ಕಾಯಿಲೆ ಹಳೆಯದು. ಅಮೆರಿಕದ ನಾಸ್‌ಡಾಕ್ 100 ಅನ್ನೋ ಕಂಪನಿ ಪಟ್ಟಿಯನ್ನು ಹಿಂಬಾಲಿಸುವ ಇಟಿಎಫ್ ನಮ್ಮಲ್ಲಿ ಇದೆ. ಆದರೆ ನಮ್ಮ ಮ್ಯೂಚುವಲ್ ಫಂಡ್‌ಗಳೆಲ್ಲ ಸೇರಿ ಹೊರದೇಶಕ್ಕೆ ಹಾಕಬಹುದಾದ ಹಣಕ್ಕೆ 700 ಕೋಟಿ ಡಾಲರ್ ಮಿತಿ, ಅಲ್ಲಿನ ಇಟಿಎಫ್‌ಗಳಿಗೆ ಹಾಕಲು ಬೇರೆಯಾಗಿ 100 ಕೋಟಿ ಡಾಲರ್. ಮಿತಿ ಮುಟ್ಟಿದರೆ ಹೊಸ ಯೂನಿಟ್ ಹುಟ್ಟುವುದಿಲ್ಲ, ಬೇಡಿಕೆ ಮಾತ್ರ ನಿಲ್ಲುವುದಿಲ್ಲ. ಅಂಥದ್ದನ್ನು ಕೊಳ್ಳುವ ಮುಂಚೆ ಎರಡು ರೇಟು ಪಕ್ಕಪಕ್ಕ ಇಟ್ಟು ನೋಡಲೇಬೇಕು.

ಚಿನ್ನದ ವಿಷಯಕ್ಕೆ ಬಂದರೆ ನಮ್ಮ ಮನೆಯಲ್ಲಿ ಒಮ್ಮತ ಇಲ್ಲ. ದೇಶದ ಮೊದಲ ಚಿನ್ನದ ಇಟಿಎಫ್ ಗೋಲ್ಡ್ ಬೀಸ್, 2007ರಲ್ಲಿ ಬಂದದ್ದು. ಅದರ ಒಂದು ಯೂನಿಟ್ ಹೆಚ್ಚು ಕಡಿಮೆ ಗ್ರಾಮಿನ ನೂರನೇ ಒಂದು ಭಾಗ. ಮೇಕಿಂಗ್ ಚಾರ್ಜ್ ಇಲ್ಲ, ವೇಸ್ಟೇಜ್ ಇಲ್ಲ, ಲಾಕರ್ ಬಾಡಿಗೆ ಇಲ್ಲ ಅಂತ ಹೆಂಡತಿಗೆ ಉದ್ದಕ್ಕೆ ವಿವರಿಸಿದೆ. "ನೂರು ಯೂನಿಟ್ ಆದ್ರೆ ಒಂದು ಗ್ರಾಂ. ಸರಿ ರೀ, ಮದುವೆಗೆ ಹೋಗುವಾಗ ಮೊಬೈಲ್ ಕೊರಳಿಗೆ ಹಾಕ್ಕೊಂಡು ಹೋಗ್ಲಾ?" ಅಂದಳು. ಉಳಿತಾಯಕ್ಕೆ ಇಟಿಎಫ್, ಹಾಕಿಕೊಳ್ಳೋಕೆ ಒಡವೆ ಅಂತ ರಾಜಿಯಾಗಿದೆ.

ಮಾರುವಾಗಿನ ಖರ್ಚು ಗೊತ್ತಿರಲಿ. ಒಮ್ಮೆ ಹೇಗೆ ಆಗುತ್ತದೆ ನೋಡೋಣ ಅಂತ ಎರಡೇ ಯೂನಿಟ್ ಮಾರಿದೆ. ಡಿಮ್ಯಾಟ್ ಖಾತೆಯಿಂದ ಯೂನಿಟ್ ಹೊರಗೆ ಹೋಗುವುದಕ್ಕೆ ಡಿಪಿ ಚಾರ್ಜ್ ಅಂತ ಹದಿನೈದು ರೂಪಾಯಿ ಚಿಲ್ಲರೆ ಹೋಯಿತು. ಎರಡು ಯೂನಿಟ್ ಮಾರಿದರೂ ಅಷ್ಟೇ, ಇನ್ನೂರು ಮಾರಿದರೂ ಅಷ್ಟೇ. ಮಾರಿದರೆ ಒಟ್ಟಿಗೆ ಮಾರಿ. ತೆರಿಗೆ 2024ರ ಜುಲೈ 23ರಿಂದ ಬದಲಾಗಿದೆ. ನಿಫ್ಟಿ ತರಹದ ಷೇರಿನ ಇಟಿಎಫನ್ನು ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇಕಡಾ 20. ವರ್ಷ ದಾಟಿದ ಮೇಲೆ ಶೇಕಡಾ 12.5, ಅದೂ ಷೇರು ಮತ್ತು ಷೇರಿನ ಫಂಡ್‌ಗಳಿಂದ ಬಂದ ಲಾಭವೆಲ್ಲ ಸೇರಿ ವರ್ಷಕ್ಕೆ 1.25 ಲಕ್ಷ ದಾಟಿದರೆ. ಚಿನ್ನ, ಬೆಳ್ಳಿಯ ಇಟಿಎಫ್‌ಗೆ ಈ 1.25 ಲಕ್ಷದ ರಿಯಾಯಿತಿ ಇಲ್ಲ.

ಇದೆಲ್ಲ ಜೂಜು ಅನ್ನುವವರು ಸ್ಟಾಫ್ ರೂಮಿನಲ್ಲಿ ಈಗಲೂ ಇದ್ದಾರೆ. ಅವರಲ್ಲೊಬ್ಬರ ಮಗ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಅವನ ಪಿಎಫ್ ಹಣದಲ್ಲೂ ಒಂದು ಪಾಲು ಇಟಿಎಫ್‌ಗೆ ಹೋಗುತ್ತದೆ ಅಂದಾಗ ನಂಬಲಿಲ್ಲ. ಇಪಿಎಫ್‌ಒ 2015ರ ಆಗಸ್ಟ್‌ನಿಂದ ಇಟಿಎಫ್ ಕೊಳ್ಳುತ್ತಿದೆ. ಹೊಸದಾಗಿ ಬರುವ ಹಣದಲ್ಲಿ ಮೊದಲು ಶೇಕಡಾ 5, ಆಮೇಲೆ ಶೇಕಡಾ 15ರವರೆಗೆ. ಹಾಗಂತ ಮಗಳ ಕಾಲೇಜ್ ಫೀಸಿಗೆ ಮುಂದಿನ ವರ್ಷ ಬೇಕಾದ ದುಡ್ಡನ್ನು ನಾನು ಇಲ್ಲಿ ಇಡುವುದಿಲ್ಲ. ಅದು ಎಫ್‌ಡಿಯಲ್ಲಿ ಇದೆ. 2020ರ ಮಾರ್ಚ್ ಇನ್ನೂ ನೆನಪಿದೆ.

ಈಗ ನನ್ನ ಪದ್ಧತಿ ಇಷ್ಟೇ. ಸಂಬಳ ಬಂದ ವಾರದಲ್ಲಿ ಒಂದು ದಿನ, ಮಧ್ಯಾಹ್ನ ಊಟದ ಬಿಡುವಿನಲ್ಲಿ. ಮಾರ್ಕೆಟ್ ತೆರೆದ ಮೊದಲ ಅರ್ಧ ಗಂಟೆ, ಮುಚ್ಚುವ ಕೊನೆಯ ಅರ್ಧ ಗಂಟೆ ಹತ್ತಿರ ಸುಳಿಯುವುದಿಲ್ಲ, ಆಗ ಬೆಲೆ ಹುಚ್ಚುಹುಚ್ಚಾಗಿ ಆಡುತ್ತದೆ. ಮೊದಲು ಫಂಡ್ ಕಂಪನಿಯ ಪುಟದಲ್ಲಿ ಐಎನ್‌ಎವಿ. ಆಮೇಲೆ ಆ್ಯಪಲ್ಲಿ ಮಾರುವವರ ಸಾಲು. ಎರಡಕ್ಕೂ ಹತ್ತಿಪ್ಪತ್ತು ಪೈಸೆಯಷ್ಟೇ ವ್ಯತ್ಯಾಸ ಇದ್ದರೆ ಲಿಮಿಟ್ ಆರ್ಡರ್. ಜಾಸ್ತಿ ಇದ್ದರೆ ಡಬ್ಬಿ ಬಿಚ್ಚಿ ಊಟ ಮಾಡುತ್ತೇನೆ, ನಾಳೆ ನೋಡಿದರಾಯಿತು. ಕೊಂಡ ಯೂನಿಟ್ ಮಾರನೆಯ ಕೆಲಸದ ದಿನ ಖಾತೆಗೆ ಬರುತ್ತದೆ.

ಇದನ್ನು ಬರೆಯುವ ಹೊತ್ತಿಗೆ ಈ ತಿಂಗಳ 20 ಯೂನಿಟ್‌ಗೆ ಆರ್ಡರ್ ಹಾಕಿ ಕೂತಿದ್ದೇನೆ. ಹನ್ನೆರಡು ಬಂದಿವೆ. ಉಳಿದ ಎಂಟಕ್ಕೆ ಎದುರಿನವನು ಐದು ಪೈಸೆ ಜಾಸ್ತಿ ಕೇಳುತ್ತಿದ್ದಾನೆ. ಬೆಲ್ ಹೊಡೆಯೋಕೆ ಇನ್ನೂ ಹತ್ತು ನಿಮಿಷ ಇದೆ.