ಮೇಪಲ್ ಸಿರಪ್‌ನ ಅಡುಗೆ: ಸಿಹಿಗಿಂತ ಮೊದಲು ನೀರಿನ ಲೆಕ್ಕ

ನಮ್ಮಲ್ಲಿ ಬೇವು ಹೂ ಬಿಟ್ಟು ಯುಗಾದಿ ಹತ್ತಿರವಾಗುವ ಹೊತ್ತಿಗೆ ಕೆನಡಾದ ಕ್ವಿಬೆಕ್ ಮತ್ತು ಒಂಟಾರಿಯೊ ಪ್ರಾಂತ್ಯಗಳ ಕಾಡುಗಳಲ್ಲಿ ಇನ್ನೂ ಮೊಣಕಾಲಷ್ಟು ಹಿಮ ಉಳಿದಿರುತ್ತದೆ. ರಾತ್ರಿಯ ಉಷ್ಣಾಂಶ ಸೊನ್ನೆ ಡಿಗ್ರಿಗಿಂತ ಕೆಳಕ್ಕಿಳಿದು ಹಗಲಲ್ಲಿ ಅದನ್ನು ದಾಟುವ ನಾಲ್ಕಾರು ವಾರಗಳೇ ಅಲ್ಲಿನ ಸಕ್ಕರೆಯ ಸುಗ್ಗಿ. ಹೀಗೆ ಹೆಪ್ಪುಗಟ್ಟಿ ಕರಗುವಾಗ ಮೇಪಲ್ ಮರದೊಳಗೆ ಒತ್ತಡ ಏರಿಳಿಯುವುದರಿಂದ, ಕಾಂಡದಲ್ಲಿ 8 ಮಿಲಿಮೀಟರ್ ಅಗಲದ, ನಾಲ್ಕೈದು ಸೆಂಟಿಮೀಟರ್ ಆಳದ ತೂತು ಕೊರೆದು ನಳಿಕೆ ಸಿಕ್ಕಿಸಿದರೆ ರಸ ತಾನಾಗಿ ತೊಟ್ಟಿಕ್ಕುತ್ತದೆ. ಆ ರಸವನ್ನು ಕುಡಿದು ನೋಡಿದರೆ ಎಳನೀರಿಗಿಂತಲೂ ತೆಳು. ಅದರಲ್ಲಿ ಸಕ್ಕರೆಯ ಅಂಶ ಶೇಕಡಾ 2ರಷ್ಟಿರುತ್ತದೆ. ಸುಮಾರು 40 ಲೀಟರ್ ರಸವನ್ನು ಕುದಿಸಿ ಇಂಗಿಸಿದಾಗ ಒಂದು ಲೀಟರ್ ಸಿರಪ್ ಸಿಗುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನಿಶಿನಾಬೆ, ಹೊದೆನೊಶೋನಿ ಮೊದಲಾದ ಮೂಲನಿವಾಸಿಗಳು ಯುರೋಪಿಯನ್ನರು ಬರುವ ಮೊದಲೇ ಈ ರಸದ ಉಪಯೋಗವನ್ನು ಬಲ್ಲವರಾಗಿದ್ದರು. ಇಂದು ಜಗತ್ತಿನ ಉತ್ಪಾದನೆಯಲ್ಲಿ ಬಹುಪಾಲು ಕ್ವಿಬೆಕ್ ಒಂದರಿಂದಲೇ ಬರುತ್ತದೆ.

ಸಿರಪ್ ಕುದಿಸಿ ಇಂಗಿಸಿದ ಪದಾರ್ಥ ಎಂಬುದನ್ನು ಅಡುಗೆಗೆ ನಿಂತಾಗ ಮರೆಯಬಾರದು. ಎಷ್ಟೇ ಇಂಗಿಸಿದರೂ ಅದರ ಮೂರನೇ ಒಂದು ಪಾಲು ನೀರೇ. ಒಟ್ಟಾವಕ್ಕೆ ಬಂದ ಮೊದಲ ವರ್ಷ ಯುಗಾದಿಯ ಹೋಳಿಗೆಗೆ ಬೆಲ್ಲ ಸಿಗಲಿಲ್ಲವೆಂದು ನಾನು ಬೆಂದ ಕಡಲೆಬೇಳೆಗೆ ಈ ಸಿರಪ್ಪನ್ನೇ ಸುರಿದೆ. ಮುಕ್ಕಾಲು ಗಂಟೆ ಮಗುಚಿದರೂ ಹೂರಣ ಉಂಡೆ ಕಟ್ಟಲಿಲ್ಲ; ಕೊನೆಗೆ ಅದಕ್ಕೆ ಹಾಲು ಬೆರೆಸಿ ಪಾಯಸವೆಂದು ಬಡಿಸಬೇಕಾಯಿತು. ಮೇಪಲ್ ಸಿರಪ್ಪಿಗೆ ನಮ್ಮಲ್ಲಿ ಹತ್ತಿರದ ನೆಂಟನೆಂದರೆ ಅಚ್ಚು ಬೆಲ್ಲಕ್ಕಿಂತ ಮಲೆನಾಡಿನ ಜೋನಿ ಬೆಲ್ಲ. ಜೋನಿ ಬೆಲ್ಲ ಒಗ್ಗುವ ಕಡೆಯೆಲ್ಲ ಇದೂ ಬಹುಮಟ್ಟಿಗೆ ಒಗ್ಗುತ್ತದೆ.

ಮೊದಲು ಬಾಟಲಿಯ ಚೀಟಿ ಓದಿ

ಅಂಗಡಿಯಲ್ಲಿ ‘ಪ್ಯಾನ್‌ಕೇಕ್ ಸಿರಪ್’ ಎಂದು ಮಾರುವುದು ಸಾಮಾನ್ಯವಾಗಿ ಮೆಕ್ಕೆಜೋಳದ ಸಿರಪ್ಪಿಗೆ ಬಣ್ಣ ಮತ್ತು ಪರಿಮಳ ಬೆರೆಸಿದ್ದು. ಅಸಲಿ ಸಿರಪ್ಪಿನ ಚೀಟಿಯಲ್ಲಿ ಪದಾರ್ಥಗಳ ಪಟ್ಟಿ ಒಂದೇ ಹೆಸರಿಗೆ ಮುಗಿಯುತ್ತದೆ. ಕೃತಕ ಪರಿಮಳಕ್ಕೆ ಬಳಸುವ ಸಾಮಗ್ರಿಗಳಲ್ಲಿ ನಮ್ಮ ಮೆಂತ್ಯದ ಸಾರವೂ ಒಂದೆಂಬುದು ಸ್ವಾರಸ್ಯದ ಸಂಗತಿ. ಮೆಂತ್ಯದಲ್ಲಿರುವ ಸೊಟೊಲೋನ್ ಎಂಬ ರಾಸಾಯನಿಕಕ್ಕೆ ಮೇಪಲ್‌ನಂಥದೇ ವಾಸನೆಯಿದೆ. 2005ರಿಂದ ನ್ಯೂಯಾರ್ಕ್ ನಗರದಲ್ಲಿ ಆಗಾಗ್ಗೆ ಹಬ್ಬುತ್ತಿದ್ದ ಮೇಪಲ್ ವಾಸನೆಯ ಮೂಲ ಯಾವುದೆಂದು ಹುಡುಕುತ್ತ ಹೋದ ಅಧಿಕಾರಿಗಳು 2009ರಲ್ಲಿ ತಲುಪಿದ್ದು ನ್ಯೂಜೆರ್ಸಿಯಲ್ಲಿ ಮೆಂತ್ಯವನ್ನು ಸಂಸ್ಕರಿಸುತ್ತಿದ್ದ ಕಾರ್ಖಾನೆಯೊಂದಕ್ಕೆ. ಮನೆಯಲ್ಲಿ ಮೆಂತ್ಯ ಹುರಿಯುವಾಗ ಒಮ್ಮೆ ಮೂಗೊಡ್ಡಿ ನೋಡಿದರೆ ಈ ಗೊಂದಲ ಏಕಾಯಿತೆಂದು ತಿಳಿಯುತ್ತದೆ.

ಬಣ್ಣ ನೋಡಿ ಆರಿಸಿ

ಕೆನಡಾ ಮತ್ತು ಅಮೆರಿಕಗಳಲ್ಲಿ ಈಗ ಚಿಲ್ಲರೆ ಮಾರಾಟದ ಸಿರಪ್ಪೆಲ್ಲವೂ ‘ಎ’ ದರ್ಜೆಯದೇ. ಅದರೊಳಗೆ ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್ ಎಂಬ ನಾಲ್ಕು ಬಣ್ಣಗಳಿವೆ. ಸಿರಪ್ಪಿನ ಮೂಲಕ ಎಷ್ಟು ಬೆಳಕು ಹಾಯುತ್ತದೆಂದು ಅಳೆದು ಈ ವಿಂಗಡಣೆ ಮಾಡುತ್ತಾರೆ. ಶೇಕಡಾ 75 ಮತ್ತು ಅದಕ್ಕಿಂತ ಹೆಚ್ಚು ಹಾಯ್ದರೆ ಗೋಲ್ಡನ್, 25ಕ್ಕಿಂತ ಕಡಿಮೆಯಾದರೆ ವೆರಿ ಡಾರ್ಕ್. ಸುಗ್ಗಿಯ ಆರಂಭದ ಸಿರಪ್ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಬಿಸಿಲೇರಿದಂತೆ ರಸದಲ್ಲಿ ಸೂಕ್ಷ್ಮಾಣುಗಳು ಹೆಚ್ಚಿ ಸಕ್ಕರೆಯ ಒಂದಂಶವನ್ನು ಒಡೆಯುವುದರಿಂದ ಕುದಿಸಿದಾಗ ಬಣ್ಣವೂ ರುಚಿಯೂ ಗಾಢವಾಗುತ್ತವೆ. ಮರದ ಮೊಗ್ಗು ಉಬ್ಬಿದ ಮೇಲೆ ರಸಕ್ಕೆ ಅಡ್ಡರುಚಿ ಬರುತ್ತದೆ, ಅಲ್ಲಿಗೆ ಸುಗ್ಗಿ ಮುಗಿಯಿತು.

ಬಣ್ಣ ತಿಳಿಯಾದಷ್ಟೂ ಗುಣ ಹೆಚ್ಚೆಂದು ಭಾವಿಸಿ ಹೆಚ್ಚು ಹಣ ತೆತ್ತು ಗೋಲ್ಡನ್ ತಂದು ಅದನ್ನು ಕೇಕಿಗೆ ಹಾಕುವವರಿದ್ದಾರೆ. ಮೈದಾ, ಬೆಣ್ಣೆಗಳ ನಡುವೆ ಆ ನವಿರು ಪರಿಮಳ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ಒಲೆಗೆ ಏರುವ ಅಡುಗೆಗೆ ಡಾರ್ಕ್ ಅಥವಾ ವೆರಿ ಡಾರ್ಕ್ ತನ್ನಿ. ಗೋಲ್ಡನ್ ಇರಲಿ ಮೊಸರಿನ ಮೇಲೆ, ದೋಸೆಯ ಮೇಲೆ, ಹಸಿ ಸೊಪ್ಪಿನ ಸಲಾಡಿನ ಮೇಲೆ ಸುರಿದುಕೊಳ್ಳಲು.

ಸಕ್ಕರೆಯ ಬದಲು ಎಷ್ಟು

ಸಕ್ಕರೆ ಹೇಳಿರುವ ಪಾಕವಿಧಾನದಲ್ಲಿ ಸಿರಪ್ ಬಳಸಬೇಕೆಂದರೆ ಪ್ರತಿ 100 ಗ್ರಾಂ ಸಕ್ಕರೆಗೆ 90 ಮಿಲಿಲೀಟರ್ ಸಿರಪ್ ಅಳೆದುಕೊಳ್ಳಿ, ಮತ್ತು ಅದೇ ಪಾಕವಿಧಾನದ ಹಾಲು ಅಥವಾ ನೀರಿನಲ್ಲಿ ಎರಡು ದೊಡ್ಡ ಚಮಚದಷ್ಟು, ಅಂದರೆ 25ರಿಂದ 30 ಮಿಲಿಲೀಟರ್, ಕಡಿಮೆ ಮಾಡಿ. ಓವನ್ನಿನ ಶಾಖವನ್ನೂ ಸುಮಾರು 15 ಡಿಗ್ರಿ ಸೆಲ್ಸಿಯಸ್ ತಗ್ಗಿಸಬೇಕು, ಏಕೆಂದರೆ ಸಿರಪ್ ಹಾಕಿದ ಹಿಟ್ಟು ಒಳಗೆ ಬೇಯುವ ಮೊದಲೇ ಮೇಲೆ ಕೆಂಪಾಗುತ್ತದೆ. ಬೆಣ್ಣೆಯನ್ನೂ ಸಕ್ಕರೆಯನ್ನೂ ನೊರೆಯಾಗಿ ಕಡೆಯುವ ಕೇಕುಗಳಲ್ಲಿ ಮಾತ್ರ ಈ ಬದಲಾವಣೆಗೆ ಕೈಹಾಕದಿರುವುದು ಲೇಸು. ಅಲ್ಲಿ ಬೆಣ್ಣೆಯೊಳಗೆ ಗಾಳಿಯನ್ನು ತುಂಬುವುದು ಸಕ್ಕರೆಯ ಹರಳುಗಳು; ದ್ರವಕ್ಕೆ ಆ ಕೆಲಸ ಬಾರದು.

ಇದು ‘ನೈಸರ್ಗಿಕ’ ಸಿಹಿ, ಆದ್ದರಿಂದ ಎಷ್ಟು ತಿಂದರೂ ಅಡ್ಡಿಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಿರಪ್ಪಿನ ಸಿಹಿ ಬಹುಪಾಲು ಸುಕ್ರೋಸ್, ಅಂದರೆ ಡಬ್ಬಿಯ ಸಕ್ಕರೆಯೇ. ಒಂದು ದೊಡ್ಡ ಚಮಚದಲ್ಲಿ ಸುಮಾರು 12 ಗ್ರಾಂ ಸಕ್ಕರೆ ಮತ್ತು 50ರಷ್ಟು ಕ್ಯಾಲೊರಿ ಇರುತ್ತದೆ. ಮ್ಯಾಂಗನೀಸ್ ಮತ್ತು ರೈಬೋಫ್ಲೇವಿನ್ ಗಮನಾರ್ಹ ಪ್ರಮಾಣದಲ್ಲಿವೆಯೆಂಬುದು ನಿಜ. ಆದರೆ ದಿನದ ಆಹಾರದ ಶಕ್ತಿಯಲ್ಲಿ ಶೇಕಡಾ 10ಕ್ಕಿಂತ ಕಡಿಮೆಯಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಸಕ್ಕರೆಗಳ ಲೆಕ್ಕಕ್ಕೆ ಜೇನುತುಪ್ಪದಂತೆ ಇದೂ ಸೇರುತ್ತದೆ. ಮಧುಮೇಹವಿರುವವರು ಬೆಲ್ಲಕ್ಕೆ ತೋರುವ ಎಚ್ಚರವನ್ನೇ ಇದಕ್ಕೂ ತೋರಬೇಕು.

ಪೂಡಿಂಗ್ ಶೋಮರ್: ಹಂತ ಹಂತವಾಗಿ

ಈ ಋತುವಿನಲ್ಲಿ ಒಂದೇ ಒಂದು ತಿನಿಸು ಮಾಡುವುದಾದರೆ ಕ್ವಿಬೆಕ್‌ನ ಈ ಪುಡಿಂಗನ್ನೇ ಮಾಡಿ ಎನ್ನುತ್ತೇನೆ. ಹೆಸರಿನ ಅರ್ಥ ‘ನಿರುದ್ಯೋಗಿಯ ಪುಡಿಂಗ್’. 1929ರ ಆರ್ಥಿಕ ಕುಸಿತದ ಕಾಲದಲ್ಲಿ ಕೈಗೆಟಕುವ ಮೈದಾ, ಹಾಲು, ಕಂದು ಸಕ್ಕರೆಗಳಿಂದ ಹುಟ್ಟಿದ ತಿನಿಸಿದು. ಈಗ ಅದಕ್ಕೆ ಮೇಪಲ್ ಸಿರಪ್ಪನ್ನೂ ಕ್ರೀಮನ್ನೂ ಸುರಿಯುವುದು ವಾಡಿಕೆಯಾಗಿರುವುದರಿಂದ ಯಾವ ನಿರುದ್ಯೋಗಿಗೂ ನಿಲುಕದಷ್ಟು ದುಬಾರಿಯಾಗಿದೆ.

ಹಿಟ್ಟಿಗೆ 190 ಗ್ರಾಂ ಮೈದಾ, ಎರಡು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, 60 ಗ್ರಾಂ ಮೆದು ಬೆಣ್ಣೆ, 100 ಗ್ರಾಂ ಸಕ್ಕರೆ ಮತ್ತು 180 ಮಿಲಿಲೀಟರ್ ಹಾಲು ಬೇಕು. ಮೊಟ್ಟೆ ಬೇಕಿಲ್ಲ. ರಸಕ್ಕೆ 250 ಮಿಲಿಲೀಟರ್ ಡಾರ್ಕ್ ಸಿರಪ್, ಅಷ್ಟೇ ಪ್ರಮಾಣದ ಗಟ್ಟಿ ಕ್ರೀಮ್. ಓವನ್ನನ್ನು 190 ಡಿಗ್ರಿಗೆ ಕಾಯಲು ಇಟ್ಟು, ಬೆಣ್ಣೆ ಸಕ್ಕರೆಗಳನ್ನು ಬಿಳುಪೇರುವವರೆಗೆ ಕಡೆಯಿರಿ. ಮೈದಾ, ಬೇಕಿಂಗ್ ಪೌಡರ್, ಉಪ್ಪನ್ನು ಒಟ್ಟಿಗೆ ಜರಡಿ ಹಿಡಿದು, ಹಾಲಿನೊಂದಿಗೆ ಸ್ವಲ್ಪಸ್ವಲ್ಪವಾಗಿ ಸೇರಿಸಿ ಗಂಟಿಲ್ಲದಂತೆ ಕಲಸಿ. ಹಿಟ್ಟು ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿಯಿರಬೇಕು, ಸೌಟಿನಿಂದ ಜಾರದೆ ಧೊಪ್ಪನೆ ಬೀಳುವಂತಿರಬೇಕು. ಹೆಚ್ಚು ಕಲಸಿದರೆ ಪುಡಿಂಗ್ ರಬ್ಬರಿನಂತಾಗುತ್ತದೆ.

20 ಸೆಂಟಿಮೀಟರ್ ಚೌಕದ, ಕನಿಷ್ಠ ಎರಡು ಲೀಟರ್ ಹಿಡಿಯುವ ಆಳದ ಓವನ್ ಪಾತ್ರೆಗೆ ಬೆಣ್ಣೆ ಸವರಿ ಹಿಟ್ಟನ್ನು ಹರಡಿ. ಸಿರಪ್ ಮತ್ತು ಕ್ರೀಮನ್ನು ಒಟ್ಟಿಗೆ ಒಲೆಯ ಮೇಲಿಟ್ಟು ಒಂದು ಕುದಿ ಬಂದ ಕೂಡಲೇ ಇಳಿಸಿ, ಸೌಟನ್ನು ಬೋರಲು ಹಿಡಿದು ಅದರ ಬೆನ್ನಿನ ಮೇಲಿಂದ ಹಿಟ್ಟಿನ ಮೇಲೆ ನಿಧಾನವಾಗಿ ಸುರಿಯಿರಿ. ಹಿಟ್ಟು ಮುಳುಗಿಹೋಗಿ ಎಲ್ಲ ಕೆಟ್ಟಿತೆಂದು ಅನ್ನಿಸುವ ಗಳಿಗೆಯಿದು, ಕಲಕಬೇಡಿ. ಓವನ್ನಿನಲ್ಲಿ 35ರಿಂದ 40 ನಿಮಿಷದೊಳಗೆ ಹಿಟ್ಟು ತಾನೇ ಮೇಲೆದ್ದು ಹೊಂಬಣ್ಣದ ಕೇಕಾಗುತ್ತದೆ, ರಸ ಅಡಿಗಿಳಿದು ದಪ್ಪವಾಗುತ್ತದೆ. ಅಂಚಿನಲ್ಲಿ ರಸ ಬುಳುಬುಳು ಕುದಿಯುತ್ತ ಉಕ್ಕುವುದುಂಟು, ಆದ್ದರಿಂದ ಪಾತ್ರೆಯ ಕೆಳಗೆ ಒಂದು ಅಗಲ ತಟ್ಟೆ ಇರಲೇಬೇಕು. ತಟ್ಟೆಯಿಡದೆ ಸುಟ್ಟ ಸಕ್ಕರೆಯನ್ನು ಓವನ್ನಿನ ತಳದಿಂದ ಚಾಕುವಿನಲ್ಲಿ ಕೆರೆದ ಅನುಭವ ನನಗಾಗಿದೆ. ಹೊರತೆಗೆದು ಹದಿನೈದು ನಿಮಿಷ ಬಿಟ್ಟು, ಅಡಿಯ ರಸ ಮೇಲೆ ಬರುವಂತೆ ಚಮಚದಲ್ಲಿ ತೋಡಿ ಬಡಿಸಿ.

ಉಪ್ಪಿನ ಅಡುಗೆಯಲ್ಲಿ

ಸಿರಪ್ಪಿನ ನಿಜವಾದ ಬೆಲೆ ತಿಳಿಯುವುದು ಉಪ್ಪು, ಹುಳಿ, ಖಾರಗಳ ಜೊತೆಯಲ್ಲಿ. ಅರ್ಧ ಕಿಲೋ ಕ್ಯಾರೆಟ್ಟನ್ನು ಉದ್ದುದ್ದ ಹೆಚ್ಚಿ, ಅಗಲದ ಬಾಣಲೆಯಲ್ಲಿ ಒಂದು ಚಮಚ ಬೆಣ್ಣೆ, ಉಪ್ಪು ಮತ್ತು ಅರ್ಧ ಮುಳುಗುವಷ್ಟು ನೀರಿನೊಂದಿಗೆ ಮುಚ್ಚಿ ಬೇಯಿಸಿ. ಮುಕ್ಕಾಲು ಬೆಂದು ನೀರು ಇಂಗುವಾಗ ಮುಚ್ಚಳ ತೆಗೆದು ಎರಡು ದೊಡ್ಡ ಚಮಚ ಸಿರಪ್ ಹಾಕಿ ಉರಿ ಏರಿಸಿದರೆ ಎರಡು ಮೂರು ನಿಮಿಷದಲ್ಲಿ ಅದು ಹೋಳುಗಳಿಗೆ ಮೆರುಗಿನಂತೆ ಅಂಟಿಕೊಳ್ಳುತ್ತದೆ. ಮೊದಲೇ ಹಾಕಿದರೆ ಕ್ಯಾರೆಟ್ ಬೇಯುವಷ್ಟರಲ್ಲಿ ಸಿರಪ್ ತಳ ಹಿಡಿಯುತ್ತದೆ. ಇಳಿಸಿ ನಿಂಬೆರಸ ಹಿಂಡಿ, ಮೆಣಸಿನ ಪುಡಿ ಉದುರಿಸಿ. ಮೇಲೊಂದು ಸಾಸಿವೆ ಒಗ್ಗರಣೆ ಕೊಟ್ಟರೆ ನನಗಂತೂ ಇನ್ನೂ ಇಷ್ಟ. ಸಾಸಿವೆಯ ಖಾರಕ್ಕೂ ಮೇಪಲ್‌ಗೂ ಒಳ್ಳೆಯ ಹೊಂದಾಣಿಕೆಯಿದೆ. ಸಲಾಡಿನ ಡ್ರೆಸಿಂಗಿಗೂ ಇದೇ ಜೋಡಿ: ಮೂರು ಚಮಚ ಎಣ್ಣೆ, ಒಂದು ಚಮಚ ವಿನೆಗರ್, ಒಂದು ಟೀ ಚಮಚ ಅರೆದ ಸಾಸಿವೆ, ಎರಡು ಟೀ ಚಮಚ ಗೋಲ್ಡನ್ ಸಿರಪ್, ಉಪ್ಪು ಇವನ್ನು ಬಾಟಲಿಗೆ ಹಾಕಿ ಕುಲುಕಿದರೆ ಮುಗಿಯಿತು.

ಮೇಪಲ್ ಕಾಡುಗಳ ನಡುವಿನ ಸಕ್ಕರೆ ಮನೆಗಳಲ್ಲಿ ವಸಂತದ ಊಟಕ್ಕೆ ಬಡಿಸುವ ಬಿಳಿ ಬೀನ್ಸ್ ಕಾಳಿನ ಪಲ್ಯ ಹಂದಿಯ ಕೊಬ್ಬಿನಲ್ಲಿ ಬೇಯುತ್ತದೆ. ಸಸ್ಯಾಹಾರಿಗಳು ಬೆಣ್ಣೆಯಲ್ಲಿ ಮಾಡಿಕೊಳ್ಳಬಹುದು. ಬೇಳೆ ಬೇಯುವ ಮೊದಲು ಹುಣಸೆಹುಳಿ ಹಾಕಬಾರದೆಂಬ ನಮ್ಮ ಮನೆಗಳ ನಿಯಮ ಇಲ್ಲಿ ಸಿರಪ್ಪಿಗೂ ಅನ್ವಯಿಸುತ್ತದೆ. ಸಕ್ಕರೆಯೂ ಕಾಳು ಮೆತ್ತಗಾಗುವುದನ್ನು ತಡೆಯುತ್ತದೆ. ರಾತ್ರಿ ನೆನೆಸಿದ ಅರ್ಧ ಕಿಲೋ ಕಾಳನ್ನು ಹಿಚುಕಿದರೆ ಮುರಿಯುವಂತೆ ಬೇಯಿಸಿಕೊಂಡು, ಆಮೇಲೆ ಈರುಳ್ಳಿ, ಸಾಸಿವೆ ಪುಡಿ, ಉಪ್ಪು, 125 ಮಿಲಿಲೀಟರ್ ಸಿರಪ್ ಸೇರಿಸಿ ಸಣ್ಣ ಉರಿಯಲ್ಲಿ ಒಂದೆರಡು ಗಂಟೆ ಬಿಡಿ.

ಹಿಮದ ಮೇಲೆ ಪಾಕ

ಅದೇ ಸಕ್ಕರೆ ಮನೆಗಳಲ್ಲಿ ಮಕ್ಕಳು ಕಾದು ನಿಲ್ಲುವುದು ‘ತೀರ್’ ಎಂಬ ಮಿಠಾಯಿಗಾಗಿ. ಸಿರಪ್ಪನ್ನು ಮತ್ತೆ ಕುದಿಸಿ 112ರಿಂದ 114 ಡಿಗ್ರಿಗೆ ತಂದು ಶುಭ್ರ ಹಿಮದ ಮೇಲೆ ಗೆರೆಯಾಗಿ ಸುರಿದರೆ ಅದು ಕ್ಷಣದಲ್ಲಿ ಎಳೆಎಳೆಯಾಗಿ ಗಟ್ಟಿಯಾಗುತ್ತದೆ. ಕಡ್ಡಿಗೆ ಸುತ್ತಿಕೊಂಡು ತಿನ್ನುತ್ತಾರೆ. ಮನೆಯಲ್ಲಿ ಮಾಡುವವರು ಸಿರಪ್ಪಿನ ಮೂರರಷ್ಟು ಆಳದ ಪಾತ್ರೆ ತೆಗೆದುಕೊಳ್ಳಬೇಕು, ನೊರೆ ಹಾಲಿನಂತೆ ಉಕ್ಕುತ್ತದೆ. ಒಂದು ಹನಿ ಬೆಣ್ಣೆ ಬಿಟ್ಟರೆ ಥಟ್ಟನೆ ಇಳಿಯುತ್ತದೆ. ಹಿಮವಿಲ್ಲದ ಊರಿನಲ್ಲಿ ಪುಡಿಮಾಡಿದ ಐಸನ್ನು ತಟ್ಟೆಯಲ್ಲಿ ಒತ್ತಿ ಹರಡಿದರಾಯಿತು. ಆದರೆ ಮೇಲೆ ಹೇಳಿದ ಉಷ್ಣಾಂಶ ಸಮುದ್ರಮಟ್ಟದ್ದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರೇ 97 ಡಿಗ್ರಿಗೆ ಕುದಿಯುವುದರಿಂದ 109ರಿಂದ 111ರೊಳಗೆ ಪಾಕ ಬಂದಿರುತ್ತದೆ. ಥರ್ಮಾಮೀಟರಿನಲ್ಲಿ 114 ಬರಲೆಂದು ಕಾದರೆ ಹಲ್ಲಿಗೆ ಅಂಟುವ ಗಟ್ಟಿ ಮಿಠಾಯಿಯಾಗುತ್ತದೆ. ಥರ್ಮಾಮೀಟರ್ ಇಲ್ಲದವರು ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ನೋಡಲಿ, ಮೆತ್ತನೆಯ ಉಂಡೆ ಕಟ್ಟಿದರೆ ಇಳಿಸುವ ಹೊತ್ತು. ಈ ಪಾಕ ಕೈಗೆ ಸಿಡಿದರೆ ಕುದಿನೀರಿಗಿಂತ ಕೆಟ್ಟದಾಗಿ ಸುಡುವುದರಿಂದ ಸುರಿಯುವ ಕೆಲಸ ದೊಡ್ಡವರಿಗೇ ಇರಲಿ.

ತೆರೆದ ಬಾಟಲಿ

ತೆರೆದ ಮೇಲೆ ಸಿರಪ್ ಫ್ರಿಜ್ಜಿನೊಳಗಿರಬೇಕು. ಜೇನಿಗಿಂತ ಇದರಲ್ಲಿ ನೀರು ಹೆಚ್ಚಾದ್ದರಿಂದ ಹೊರಗಿಟ್ಟರೆ ಮೇಲೆ ಬೂಷ್ಟು ಕಟ್ಟುತ್ತದೆ, ಹಾಗೆ ಕಟ್ಟಿದ್ದನ್ನು ಚೆಲ್ಲುವುದೇ ಸರಿ. ವರ್ಷಕ್ಕಾಗುವಷ್ಟು ಒಮ್ಮೆಗೇ ಕೊಂಡವರು ಫ್ರೀಜರಿನಲ್ಲಿಡಬಹುದು. ಅಲ್ಲಿಯೂ ಅದು ಕಲ್ಲಾಗದೆ ದಪ್ಪವಾಗಿ ಸುರಿಯುವಂತೆಯೇ ಉಳಿಯುತ್ತದೆ. ಕೆಲವೊಮ್ಮೆ ಬಾಟಲಿಯ ತಳದಲ್ಲಿ ಹರಳುಗಟ್ಟುವುದುಂಟು. ಅದು ಕುದಿಸುವಾಗ ಪಾಕ ಒಂದಿಷ್ಟು ಮುಂದೆ ಹೋಗಿದ್ದರ ಗುರುತು, ಕೆಟ್ಟಿದ್ದರ ಗುರುತಲ್ಲ. ಸಿರಪ್ ಖಾಲಿಯಾದ ಮೇಲೆ ಬಾಟಲಿಗೆ ಸ್ವಲ್ಪ ಬಿಸಿನೀರು ಹಾಕಿ ಕರಗಿಸಿ ಚಹಾಕ್ಕೆ ಬೆರೆಸಿಕೊಳ್ಳಬಹುದು. ನಮ್ಮ ಮನೆಯಲ್ಲಿ ಮಾತ್ರ ಅದು ಚಹಾದವರೆಗೆ ಬರುವುದಿಲ್ಲ, ಮಕ್ಕಳು ಉದ್ದ ಚಮಚದಲ್ಲಿ ಕೆತ್ತಿ ಕಲ್ಲುಸಕ್ಕರೆಯಂತೆ ಚೀಪಿ ಮುಗಿಸಿರುತ್ತಾರೆ.