ಜೆ-20 ಫೋಟೋ ಓದುವುದು ಹೇಗೆ?

ಚೀನಾ ತನ್ನ ಸ್ಟೆಲ್ತ್ (ರಾಡಾರ್‌ಗೆ ಸುಲಭವಾಗಿ ಸಿಗದ) ವಿಮಾನಗಳ ಬಗ್ಗೆ ಬಾಯಿ ಬಿಡುವುದು ಕಡಿಮೆ. ಹಾಗಾಗಿ ನಾನು ಫೋಟೋಗಳನ್ನೇ ನೆಚ್ಚಿಕೊಂಡಿದ್ದೇನೆ. 2011ರ ಜನವರಿ 11ರಂದು ಚೆಂಗ್ಡುವಿನಲ್ಲಿ ಮೊದಲ ಸಲ ಹಾರಿದ ಸ್ಟೆಲ್ತ್ ಯುದ್ಧವಿಮಾನ ಜೆ-20ರ ಚಿತ್ರದ ಪ್ರಿಂಟ್ ನನ್ನ ಮೇಜಿನ ಮೇಲಿದೆ. ಹೊಸ ಫೋಟೋ ಸಿಕ್ಕಾಗೆಲ್ಲ ಅದರ ಪಕ್ಕದಲ್ಲಿಟ್ಟು ನೋಡುತ್ತೇನೆ.

ಮುಖ್ಯ ರೆಕ್ಕೆಗಿಂತ ಮುಂದೆ ಎರಡು ಪುಟ್ಟ ರೆಕ್ಕೆಗಳಿವೆಯಾ ನೋಡಿ, ಜೆ-20ಕ್ಕೆ ಅವು ಇವೆ. ಚೀನಾದ ಇನ್ನೊಂದು ಸ್ಟೆಲ್ತ್ ವಿಮಾನ, ಶೆನ್ಯಾಂಗ್ ಕಂಪನಿಯ ಜೆ-35ಕ್ಕೆ ಅವು ಇಲ್ಲ. ಮೈಯೆಲ್ಲ ಹಳದಿ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ಲೇಪ) ಇದ್ದರೆ, ಅದು ಕಾರ್ಖಾನೆಯಿಂದ ಈಗಷ್ಟೇ ಹೊರಬಂದ ವಿಮಾನ.

ಜಾಸ್ತಿ ಹೊತ್ತು ಹಿಂಭಾಗ ನೋಡಿ. ಮೊದಮೊದಲ ಜೆ-20ಗಳಲ್ಲಿ ಇದ್ದದ್ದು ರಷ್ಯಾದ ಎಎಲ್-31 ಎಂಜಿನ್. ನಾಜಲ್‌ನ (ಎಂಜಿನ್‌ನ ಬಿಸಿಗಾಳಿ ಹೊರಬರುವ ಬಾಯಿಯ) ಅಂಚು ಗರಗಸದ ಹಲ್ಲಿನ ಹಾಗಿದ್ದರೆ ಹೆಚ್ಚಾಗಿ ಚೀನಾದ್ದೇ ಆದ ಡಬ್ಲ್ಯೂಎಸ್-10 ಎಂಜಿನ್. ಆ ಹಲ್ಲುಗಳು ಸುಮ್ನೆ ಅಂದಕ್ಕಲ್ಲ, ರಾಡಾರ್ ಅಲೆ ನೇರ ಹಿಂದಿರುಗದಂತೆ ಬೇರೆ ದಿಕ್ಕಿಗೆ ಕಳಿಸಲಿಕ್ಕೆ. 2021ರಲ್ಲಿ ಚೀನಾದ ಝುಹಾಯ್ ವಿಮಾನ ಪ್ರದರ್ಶನದಲ್ಲಿ ಈ ಎಂಜಿನ್‌ನ ಜೆ-20 ಎಲ್ಲರೆದುರು ಹಾರಿತು. ನನ್ನ ಪ್ರಕಾರ ಈ ವಿಮಾನದ ನಿಜವಾದ ಕಥೆ ಇಲ್ಲೇ ಇದೆ. ಒಳ್ಳೆಯ ಎಂಜಿನ್ ಮಾಡುವುದು ಮೈಕಟ್ಟು ಮಾಡುವುದಕ್ಕಿಂತ ಕಷ್ಟ ಅಲ್ವಾ?

ಕಾಕ್‌ಪಿಟ್ ಹಿಂದೆ ಬೆನ್ನು ಉಬ್ಬಿದ್ದರೆ ಜೆ-20ಎ. ಇಬ್ಬರು ಕೂರುವಂತಿದ್ದರೆ ಜೆ-20ಎಸ್. ಫೋಟೋ ಮಸುಕಾಗಿದ್ದರೆ ಮಾತ್ರ ಅವಸರ ಬೇಡ, ಇನ್ನೊಂದು ಸಿಗುವವರೆಗೆ ಕಾಯಿರಿ.