ಹಳೇ ಜೀವವಿಜ್ಞಾನ ಲ್ಯಾಬ್ ಹೊಸದಾಗಬೇಕೇ? ಮೊದಲು ಅರ್ಥಿಂಗ್ ನೋಡಿ

ಅನುದಾನ ಮಂಜೂರಾಯಿತೆಂದರೆ ವಿಭಾಗದವರ ಕಣ್ಣೆಲ್ಲ ಯಂತ್ರಗಳ ಮೇಲೆ. ಸಸ್ಯಶಾಸ್ತ್ರ ವಿಭಾಗದಲ್ಲಿ ಲ್ಯಾಬಿನ ಹೊಣೆ ಹೊತ್ತವಳು ನಾನು. ಕೈಮುಗಿದು ಕೇಳುತ್ತೇನೆ: ಡಿಎನ್ಎಯ ಪ್ರತಿಗಳನ್ನು ತೆಗೆಯುವ ಪಿಸಿಆರ್ ಯಂತ್ರಕ್ಕೆ ಕೊಟೇಶನ್ ತರಿಸುವ ಮುಂಚೆ ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಅವರು ಬಂದಾಗ ನೀವೂ ಜೊತೆಗೆ ನಿಲ್ಲಿ. ಒಂದೊಂದು ಪ್ಲಗ್ ಪಾಯಿಂಟಿನಲ್ಲೂ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆಸಿ, ಗೋಡೆಯ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ಸೂಕ್ಷ್ಮ ಉಪಕರಣಗಳಿಗೆ ಅದು 2–3 ವೋಲ್ಟಿನೊಳಗಿರಬೇಕು. ಈ ಕೆಲಸಕ್ಕೆ ಏಪ್ರಿಲ್ ತಿಂಗಳೇ ಸರಿ. ಮಳೆಗಾಲದಲ್ಲಿ ಅರ್ಥ್ ಗುಂಡಿಯ ಮಣ್ಣು ಒದ್ದೆಯಾಗಿರುವುದರಿಂದ ಎಲ್ಲವೂ ನೆಟ್ಟಗಿರುವಂತೆ ಕಾಣುತ್ತದೆ. ಬಿಸಿಲಿಗೆ ಗುಂಡಿ ಒಣಗಿದಾಗಲೇ ನಿಜ ಗೊತ್ತಾಗುವುದು. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆ), ಓವನ್, ಏಸಿಗಳಿಗೆ ಬೇರೆ ಬೇರೆ ಲೈನ್, ಬೇರೆ ಎಂಸಿಬಿ ಹಾಕಿಸಿ. ಕಿಣ್ವಗಳಿಡುವ ಮೈನಸ್ 20 ಡಿಗ್ರಿಯ ಫ್ರೀಜರ್‌ಗೆ ಜನರೇಟರ್ ಲೈನ್ ಇರಲೇಬೇಕು.

ಆಮೇಲೆ ನೀರು. ಮೇಜಿಗೆ ಕಪ್ಪು ಗ್ರಾನೈಟ್ ಸಾಕು, ಬಾಳಿಕೆ ಬರುತ್ತದೆ. ಸಿಂಕಿನ ಕೆಳಗಿನ ಪೈಪ್ ಆಮ್ಲ ತಡೆಯುವಂಥದ್ದಾಗಲಿ, ಬಿಚ್ಚಿ ತೊಳೆಯುವಂತಿರಲಿ. ಕಣ್ಣು ತೊಳೆಯುವ ನಲ್ಲಿಯನ್ನು ಮೂಲೆಗೆ ತಳ್ಳಬೇಡಿ: ಆಮ್ಲ ಸಿಡಿದ ಹುಡುಗಿ 10 ಸೆಕೆಂಡಿನಲ್ಲಿ ಅಲ್ಲಿಗೆ ತಲುಪಬೇಕು, 15 ನಿಮಿಷ ನೀರು ಸತತವಾಗಿ ಬರಬೇಕು.

ಜಾಗ ಹಂಚುವಾಗಲೇ ಜಗಳ ಶುರು. ಸಂಶೋಧನೆಯವರಿಗೆ ಬೀಗ ಬೇಕು, ಬಿಎಸ್ಸಿ ಮಕ್ಕಳಿಗೆ ಬಾಗಿಲು ತೆರೆದಿರಬೇಕು. ನಡುವೆ ಗಾಜಿನ ಗೋಡೆ ಕಟ್ಟಿಸಿ. ಸಂಶೋಧನೆ ಹೇಗೆ ನಡೆಯುತ್ತದೆಂದು ಮಕ್ಕಳು ದಿನವೂ ನೋಡಲಿ. ಪಿಸಿಆರ್ ಮಿಶ್ರಣ ತಯಾರಿಸುವ ಜಾಗ ಒಂದು ಕಡೆ, ಬಂದ ಡಿಎನ್ಎಯನ್ನು ನೋಡಲು ಜೆಲ್ ಓಡಿಸುವ ಜಾಗ ಇನ್ನೊಂದು ಕಡೆ ಇರಲಿ. ಪಿಪೆಟ್, ಗೌನುಗಳೂ ಬೇರೆ ಬೇರೆ. ಇಲ್ಲದಿದ್ದರೆ ವರ್ಧಿಸಿದ ಡಿಎನ್ಎ ಹೊಸ ಮಾದರಿಗೆ ಸೇರಿ, ಏನೂ ಇಲ್ಲದ ಕಡೆಯೂ ಜೆಲ್‌ನಲ್ಲಿ ಡಿಎನ್ಎಯ ಗೆರೆ (ಬ್ಯಾಂಡ್) ಮೂಡುತ್ತದೆ. ಸೋಸಿದ ಗಾಳಿ ಬೀಸುವ ಮೇಜು, ಅಂದರೆ ಲ್ಯಾಮಿನಾರ್ ಏರ್‌ಫ್ಲೋ ಒಂದಿದ್ದರೆ ಎಲ್ಲಕ್ಕೂ ಆಯಿತು ಅನ್ನುವವರಿದ್ದಾರೆ. ಅಂಗಾಂಶ ಕೃಷಿಗೆ ಅದು ಸರಿ, ಆದರೆ ಅದರ ಗಾಳಿ ಕೂತವರ ಮುಖಕ್ಕೇ ಬೀಸುತ್ತದೆ. ರೋಗಾಣುಗಳ ಕೆಲಸಕ್ಕೆ ಗಾಳಿಯನ್ನು ಒಳಗೆಳೆದು ಸೋಸುವ ಬಯೋಸೇಫ್ಟಿ ಕ್ಯಾಬಿನೆಟ್ಟೇ ಬೇಕು. ಇಲ್ಲಿ ಉಳಿತಾಯದ ಮಾತೇ ಬೇಡ.

ಇನ್ನು, ಹಳೇ ಬೀರುಗಳು. ಗುತ್ತಿಗೆದಾರರ ಆಳುಗಳು ಬರುವ ಮುಂಚೆಯೇ ನೀವು ಅವುಗಳ ಮುಂದೆ ಕೂತು ಒಂದೊಂದೇ ಹಾಳೆ ತೆಗೆದು ನೋಡಿ. ಒಣಗಿಸಿದ ಗಿಡ ಅಂಟಿಸಿದ, ಹಳದಿಯಾದ ಹರ್ಬೇರಿಯಂ ಹಾಳೆಯ ಮೂಲೆಯಲ್ಲಿ ಶಾಯಿಯಲ್ಲಿ ಬರೆದ ಊರು, ತಾರೀಕು, ಸಂಗ್ರಹಿಸಿದವರ ಹೆಸರು ಇದ್ದರೆ ಅದು ಆಸ್ತಿ. ಆ ಗಿಡ ಬೆಳೆದ ಗದ್ದೆಯಂಚು ಇಂದು ಲೇಔಟ್ ಆಗಿರಬಹುದು. ಅಲ್ಲಿ ಅದು ಇತ್ತು ಅನ್ನುವುದಕ್ಕೆ ಈ ಹಾಳೆಯೇ ಸಾಕ್ಷಿ. ಫೋಟೋ ತೆಗೆದು ಪಟ್ಟಿ ಮಾಡಿ, ಗಾಳಿಯಾಡದ ಬೀರುವಿಗೆ ಸೇರಿಸಿ. ಆದರೆ ಕೈಗವಸಿಲ್ಲದೆ ಮುಟ್ಟಬೇಡಿ: ಹುಳ ಹಿಡಿಯದಿರಲೆಂದು ಹಿಂದೆ ಮರ್ಕ್ಯುರಿಕ್ ಕ್ಲೋರೈಡ್ ಸವರುತ್ತಿದ್ದರು, ಪಾದರಸದ ವಿಷ ಇನ್ನೂ ಅದರಲ್ಲಿರುತ್ತದೆ. ಮಾದರಿಗಳು ಕೆಡದಂತೆ ಇಟ್ಟ ಫಾರ್ಮಲಿನ್ ಜಾಡಿಗಳನ್ನೂ ಸಿಂಕಿಗೆ ಸುರಿಯುವಂತಿಲ್ಲ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಧಿಕೃತ ಅಪಾಯಕಾರಿ ತ್ಯಾಜ್ಯ ಏಜೆನ್ಸಿಗೆ ಕೊಟ್ಟು ರಸೀದಿ ಪಡೆಯಿರಿ.

ಹಳೇ ಮೈಕ್ರೋಸ್ಕೋಪುಗಳನ್ನೂ ಗುಜರಿಗೆ ಹಾಕಬೇಡಿ. ಎಷ್ಟೋ ಸಲ ಲೆನ್ಸಿಗೆ ಬೂಸ್ಟು ಹಿಡಿದಿರುತ್ತದೆ ಅಷ್ಟೆ. ಸರ್ವಿಸ್ ಮಾಡಿಸಿ, ಎಲ್ಇಡಿ ಹಾಕಿಸಿದರೆ ಪ್ರಥಮ ವರ್ಷದವರಿಗೆ ಧಾರಾಳವಾಯಿತು.

ಟೆಂಡರ್ ಷರತ್ತಿನಲ್ಲೇ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮತ್ತು ತರಬೇತಿಯನ್ನು ಸೇರಿಸಿ. ಎಂಜಿನಿಯರ್ ಬಂದ ದಿನ ಪ್ರೊಫೆಸರುಗಳಷ್ಟೇ ಸುತ್ತ ನಿಲ್ಲುವುದಲ್ಲ, ಲ್ಯಾಬ್ ಅಟೆಂಡರನ್ನು ಮುಂದೆ ನಿಲ್ಲಿಸಿ. ಆಟೋಕ್ಲೇವಿನ ರಬ್ಬರ್ ಗ್ಯಾಸ್ಕೆಟ್ ಸವೆದಿದೆಯೇ, 121 ಡಿಗ್ರಿಗೆ ಏರುತ್ತಿದೆಯೇ ಎಂದು ದಿನಾ ನೋಡುವವರು ಅವರೇ. ಕನ್ನಡದಲ್ಲಿ ದಪ್ಪಕ್ಷರದ ಸೂಚನೆ ಬರೆಸಿ, ಆಯಾ ಯಂತ್ರದ ಮೇಲೇ ಅಂಟಿಸಿ.